ಮೊದಲು ತನ್ನ ತಪ್ಪು ಹೇಳುತ್ತಿದ್ದ ಸ್ಟಾಪರ್

ಕಳೆದ ತಿಂಗಳು ಭದ್ರಾವತಿ ನ್ಯೂಟೌನಿನಲ್ಲಿ ನಮ್ಮ ಫುಟ್‌ಬಾಲ್ ಕೋಚ್ ಸಾರ್‌ಗೆ ಬೀಳ್ಕೊಡುಗೆ ಇತ್ತು. ಎರಡನೇ ಮಂಡಿಯೂ ಆಪರೇಷನ್ ಆದ ಮೇಲೆ "ಇನ್ನು ಸಾಕು" ಅಂತ ಅವರೇ ವಿಷಲ್ ಕೆಳಗಿಟ್ಟಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯ್ತು. ಹಳೇ ಆಟಗಾರ್ತಿಯರಲ್ಲಿ ಯಾರಾದರೂ ಎರಡು ಮಾತಾಡಿ ಅಂದಾಗ ಎಲ್ಲರೂ ಸೇರಿ ನನ್ನನ್ನು ಮುಂದೆ ತಳ್ಳಿದರು. ನಾನು ಈಗ ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಆಲ್ಕೊಳ ಸರ್ಕಲ್ಲಿನಲ್ಲಿ ನಿಲ್ಲಿಸದೆ ಹೋದ ಬಸ್ಸಿನ ಡ್ರೈವರ್‌ಗೂ ಕೇಳಿಸೋ ಹಾಗೆ ಬೈಯುವ ಗಂಟಲು ನನ್ನದು. ಅಂಥವಳು ಮೈಕ್ ಹಿಡಿದು "ಎಲ್ಲರಿಗೂ ನಮಸ್ಕಾರ" ಅಂದೆ, ಸಾರ್ ಮುಖ ನೋಡಿದೆ, ಮುಂದಕ್ಕೆ ಒಂದಕ್ಷರ ಹೊರಡಲಿಲ್ಲ. ಸುಮ್ಮನೆ ಬಂದು ಕೂತೆ. ಅವತ್ತು ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಸಾರ್ ಹೆಸರು ಬರೆಯುವುದಿಲ್ಲ. ಬರೀಲಾ ಅಂತ ಕೇಳಿದ್ದೆ. "ಬೇಡಮ್ಮಾ, ಪೇಪರಲ್ಲಿ ನನ್ನ ಹೆಸರು ನೋಡಿ ನಂಗೆ ಅಭ್ಯಾಸ ಇಲ್ಲ" ಅಂದರು. ಸುಳ್ಳಲ್ಲ ಅದು. ಹದಿನಾಲ್ಕು ವರ್ಷ ಕೋಲ್ಕತ್ತ, ಗೋವಾ ಅಂತ ದೊಡ್ಡ ದೊಡ್ಡ ಕ್ಲಬ್ಬುಗಳಿಗೆ ಸ್ಟಾಪರ್ ಆಗಿ ಆಡಿದವರು. ಸ್ಟಾಪರ್ ಅಂದರೆ ಗೋಲಿನ ಮುಂದೆ ಗೋಡೆ ಹಾಗೆ ನಿಂತು ಬಂದವರನ್ನೆಲ್ಲ ತಡೆಯುವವನು. ಪೇಪರಿನವರು ಗೋಲು ಹೊಡೆದವನ ಹೆಸರು ಬರೀತಾರೆ, ಹೊಡೆಯೋಕೆ ಬಿಡದವನ ಹೆಸರು ಯಾರು ಬರೀತಾರೆ? ಅವರ ಮನೆಯಲ್ಲಿ ಫ್ರೇಮ್ ಹಾಕಿಸಿದ ಒಂದೇ ಒಂದು ಪೇಪರ್ ಕಟಿಂಗ್ ಇದೆ. ಅದರಲ್ಲಿ ಯಾರೋ ಫಾರ್ವರ್ಡ್ ಒಬ್ಬ ಬಾಯಿ ತೆರೆದು ನೆಲಕ್ಕೆ ಬೀಳುತ್ತಿದ್ದಾನೆ. ಫೋಟೋದ ಬಲ ಅಂಚಿನಲ್ಲಿ ಒಂದು ಕಾಲಿದೆ, ಮಂಡಿಯಿಂದ ಕೆಳಗೆ. ಮನೆಗೆ ಹೋದವರಿಗೆಲ್ಲ ಸಾರ್ ಬೆರಳಿಟ್ಟು ತೋರಿಸುತ್ತಿದ್ದರು: "ಇದು ನನ್ನ ಕಾಲು." ಸಾರ್ ಹೆಂಡತಿ, ನಮ್ಮೆಲ್ಲರ ಆಂಟಿ, ಒಳಗಿಂದ, "ತೋರಿಸಿದ್ದು ಸಾಕು, ಕಾಫಿ ಆರ್ತಿದೆ" ಅಂತ ಕೂಗುತ್ತಿದ್ದರು.

ಅವರು ಹುಟ್ಟಿ ಬೆಳೆದದ್ದೆಲ್ಲ ನ್ಯೂಟೌನಿನ ಉಕ್ಕಿನ ಕಾರ್ಖಾನೆ ಕ್ವಾರ್ಟರ್ಸಿನಲ್ಲೇ. ಮನೆಮಾತು ತಮಿಳು. ಮಂಡಿ ಕೆಟ್ಟ ಮೇಲೆ ಊರಿಗೆ ಬಂದರು, ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಸಂಜೆ ಆದರೆ ಮೈದಾನ. ನಮಗೆ ಪಾಠ ಹೇಳುವುದು ಕನ್ನಡದಲ್ಲಿ, ಬೈಯುವುದು ತಮಿಳಿನಲ್ಲಿ, ಎಕ್ಸರ್ಸೈಜ್ ಎಣಿಸುವುದು ಮಾತ್ರ ಬಂಗಾಳಿಯಲ್ಲಿ. "ಎಕ್, ದುಯಿ, ತಿನ್, ಚಾರ್..." ಕೋಲ್ಕತ್ತದಲ್ಲಿ ಅಂಟಿಕೊಂಡದ್ದು ಬಿಟ್ಟು ಹೋಗಿರಲಿಲ್ಲ. ನಮಗೂ ಅಂಟಿತು. ಇವತ್ತಿಗೂ ನಮ್ಮ ಸ್ಕೂಲಿನ ಮಕ್ಕಳು ನನ್ನ ಬಾಯಲ್ಲಿ ದುಯಿ ಕೇಳಿ ಕಿಸಕ್ ಅಂತಾರೆ.

"ಬಾಲ್ ನೋಡ್ಬೇಡ, ಸೊಂಟ ನೋಡು." ಇದು ದಿನಕ್ಕೆ ನಲವತ್ತು ಸಲ. ಎದುರಿಗೆ ಬರುವವಳ ಕಣ್ಣು ಸುಳ್ಳು ಹೇಳುತ್ತೆ, ಕಾಲು ಸುಳ್ಳು ಹೇಳುತ್ತೆ, ಸೊಂಟ ಹೇಳಲ್ಲ. ಅದು ಯಾವ ಕಡೆ ತಿರುಗಿತೋ ಅವಳು ಹೋಗುವುದು ಆ ಕಡೆಗೇ. ಇದನ್ನು ಮೈದಾನಕ್ಕಷ್ಟೇ ಇಟ್ಟುಕೊಂಡಿದ್ದರೆ ಸರಿ, ಮದುವೆ ಊಟದ ಪಂಕ್ತಿಯಲ್ಲೂ ಶುರು ಮಾಡುತ್ತಿದ್ದರು. "ನೋಡು, ಹೋಳಿಗೆ ಬುಟ್ಟಿ ಹಿಡ್ಕೊಂಡವನ ಸೊಂಟ ಆ ಸಾಲಿಗೆ ತಿರುಗ್ತು. ನಮ್ಗೆ ಇನ್ನೂ ಐದು ನಿಮಿಷ ಇದೆ, ಪಲ್ಯ ತಿನ್ನು." ಹೇಳಿದ ಹಾಗೇ ಆಗೋದು ಮಾರಾಯ್ರೆ! ಪಕ್ಕದಲ್ಲಿ ಕೂತ ಆಂಟಿ ತಲೆ ಚಚ್ಚಿಕೊಳ್ಳುತ್ತಿದ್ದರು.

ಹೊಗಳುವ ಚಾಳಿಯೇ ಇಲ್ಲ ಆ ಮನುಷ್ಯನಿಗೆ. ಪ್ರಾಣ ಬಿಟ್ಟು ಆಡಿ ಗೆದ್ದು ಬಂದರೂ "ಪರವಾಗಿಲ್ಲ" ಅನ್ನೋರು. ಯಾರಾದರೂ ನಿಧಾನಕ್ಕೆ ಓಡಿದರೆ, "ಏನಮ್ಮಾ, ಕಲ್ಯಾಣಮಂಟಪದಲ್ಲಿ ಆರತಿ ತಟ್ಟೆ ಹಿಡ್ಕೊಂಡು ಬರ್ತಿದೀಯಾ?" ಅಂತ ಕೇಳೋರು. ನನಗೆ ಆರು ವರ್ಷದಲ್ಲಿ ಸಿಕ್ಕ "ಪರವಾಗಿಲ್ಲ" ಒಟ್ಟು ನಾಲ್ಕು. ನಾಲ್ಕೂ ಯಾವ ಯಾವ ದಿನ ಅಂತ ಇವತ್ತಿಗೂ ಹೇಳಬಲ್ಲೆ.

ಆದರೆ ಸಾರ್ ಅಂದರೆ ನಮಗೆಲ್ಲ ಮೊದಲು ನೆನಪಾಗುವುದು ತಪ್ಪಿನ ರೌಂಡು. ಪ್ರತಿ ಮ್ಯಾಚು ಮುಗಿದ ಮೇಲೆ ಗೋಲ್‌ಪೋಸ್ಟಿನ ಹಿಂದೆ ಸುತ್ತ ಕೂರಬೇಕು. ಆಂಟಿ ಕಳಿಸಿದ ಮಜ್ಜಿಗೆ ಕುಡೀತಾ ಒಬ್ಬೊಬ್ಬರೂ ಅವತ್ತು ತಾವು ಮಾಡಿದ ಒಂದು ತಪ್ಪು ಹೇಳಬೇಕು. ನಿಯಮ ಎರಡೇ. ಒಂದು, ತನ್ನ ತಪ್ಪು ಮಾತ್ರ. ಬೇರೆಯವರ ತಪ್ಪಿನ ಸುದ್ದಿ ಎತ್ತಿದರೆ ಮೈದಾನಕ್ಕೆ ಎರಡು ಸುತ್ತು ಓಟ. ಎರಡು, ಮೊದಲು ಹೇಳುವುದು ಸಾರ್. "ಇವತ್ತು ನಂದು. ಸೆಕೆಂಡ್ ಹಾಫಲ್ಲಿ ಫರ್ಜಾನಾ ಸುಸ್ತಾಗಿದಾಳೆ ಅಂತ ನೋಡಿಯೂ ಬದಲಾಯಿಸ್ಲಿಲ್ಲ. ನಿಂದೇನಮ್ಮಾ?" ಅಷ್ಟು ದೊಡ್ಡ ಆಟಗಾರನೇ ಹೇಳಿದ ಮೇಲೆ ನಮಗೇನು ಕಷ್ಟ? ನಗುನಗುತ್ತಾ ಹೇಳಿಬಿಡುತ್ತಿದ್ದೆವು. ನಮ್ಮ ಗೋಲ್‌ಕೀಪರ್ ಸೆಲ್ವಿಯಂತೂ ಒಂದು ಕೇಳಿದರೆ ಮೂರು ಹೇಳುತ್ತಿದ್ದಳು. "ಮೂರನೇದು, ಸಾರ್, ನೀವು ಆ ಕಡೆ ತಿರುಗಿದಾಗ ಬಾಳೆಹಣ್ಣು ತಿಂದೆ."

ಸೆಲ್ವಿ ನನ್ನ ಗೆಳತಿ. ಓಲ್ಡ್ ಟೌನಿನಲ್ಲಿ ಅವರಪ್ಪನದು ಬೈಕ್ ಗ್ಯಾರೇಜು. ನಾನು ಸ್ಟಾಪರ್, ನನ್ನ ಬೆನ್ನ ಹಿಂದೆ ಗೋಲಿನಲ್ಲಿ ಅವಳು. ಎತ್ತರದ ಬಾಲ್ ಬಂದರೆ ಹಿಡಿಯುವುದು ಕೀಪರ್ ಕೆಲಸ. ಅವಳು ಮುಂದೆ ಬರುವಾಗ ಕೂಗಬೇಕು, ಕೂಗಿದ ತಕ್ಷಣ ನಾನು ಬಿಡಬೇಕು. ಆ ಕೂಗಿಗೂ ಸಾರ್‌ದು ಒಂದು ಕ್ರಮ: "ನಂದು ಅಂತ ಕೂಗ್ಬೇಡಿ. ಮೈದಾನದಲ್ಲಿ ಇಪ್ಪತ್ತೆರಡು ಜನಕ್ಕೂ ಬಾಲ್ ನಂದೇ. ಹೆಸರು ಹಿಡಿದು ಕೂಗಿ." ಹಾಗಾಗಿ ಸೆಲ್ವಿ "ರೇಖಾ, ಬಿಡು!" ಅಂತ ಕೂಗುವಳು, ನಾನು ತಲೆ ತಗ್ಗಿಸುವೆ, ಬಾಲ್ ಅವಳ ಕೈಗೆ ಹೋಗುವುದು. ಸಾವಿರ ಸಲ ಮಾಡಿದ್ದೆವು.

ಹತ್ತು ವರ್ಷದ ಹಿಂದಿನ ಮಾತು. ನನಗೆ ಹದಿನಾರು. ಜಿಲ್ಲಾ ತಂಡ ಆರಿಸುವುದಕ್ಕೆ ಶಿವಮೊಗ್ಗದಲ್ಲಿ ಟ್ರಯಲ್ ಮ್ಯಾಚ್ ಇತ್ತು. ನಮ್ಮಲ್ಲಿಂದ ಐದು ಜನ ಹೋಗಿದ್ದೆವು. ಹಿಂದಿನ ದಿನದಿಂದ ಸೆಲ್ವಿಗೆ ಗಂಟಲು ಕಟ್ಟಿತ್ತು. ಮೆಣಸಿನ ಕಷಾಯ ಕುಡಿದು ಬಂದಿದ್ದಳು, ಆದರೂ ಮಾತಾಡಿದರೆ ಮರ ಗರಗಸದಿಂದ ಕೊಯ್ದ ಹಾಗೆ ಕೇಳುತ್ತಿತ್ತು. ಮ್ಯಾಚು ಮುಗಿಯೋಕೆ ಐದೋ ಆರೋ ನಿಮಿಷ ಇದ್ದಾಗ ಎತ್ತರಕ್ಕೆ ಒಂದು ಬಾಲ್ ಬಂತು. ಹಿಂದಿನಿಂದ ಸೆಲ್ವಿಯ ಒಡಕು ದನಿ ಕೇಳಿಸಿತು: "ರೇಖಾ, ಬಿಡು!"

ಚೆನ್ನಾಗಿ ಕೇಳಿಸಿತು. ಆದರೆ ಗೆರೆಯ ಆಚೆ ಸೆಲೆಕ್ಟರುಗಳು ನೋಟ್‌ಬುಕ್ ಹಿಡಿದು ಕೂತಿದ್ದರು, ಆವತ್ತು ಹೊತ್ತಿಡೀ ನನ್ನ ಕಡೆಗೆ ಬಂದ ಬಾಲು ಬಹಳ ಕಮ್ಮಿ. ನಾನೇ ಹೊಡೆದು ತೋರಿಸಬೇಕು ಅನ್ನುವ ಆಸೆ. ಬಿಡಲಿಲ್ಲ, ಹಾರಿದೆ. ಬಾಲ್ ನನ್ನ ತಲೆಯ ಹಿಂಬದಿಗೆ ಸವರಿಕೊಂಡು, ಚಾಚಿದ ಸೆಲ್ವಿಯ ಕೈ ಮೇಲೆ ಹಾದು, ನಮ್ಮದೇ ಗೋಲಿನೊಳಗೆ ಬಿತ್ತು. ನಾವಿಬ್ಬರೂ ಒಬ್ಬರ ಮೇಲೊಬ್ಬರು ಬಿದ್ದೆವು.

ಮ್ಯಾಚು ಮುಗಿದ ಮೇಲೆ ಒಬ್ಬ ಸೆಲೆಕ್ಟರ್ ಬಂದು ಕೇಳಿದರು. "ಕೀಪರ್, ನೀನು ಕೂಗಿದ್ಯಾ?"

"ಕೂಗಿದೆ ಸಾರ್" ಅಂದಳು ಸೆಲ್ವಿ. ಅದೂ ಪಿಸುಮಾತಿನ ಹಾಗೆ ಬಂತು.

ಅವರು ನನ್ನ ಕಡೆ ತಿರುಗಿದರು. "ನಿಂಗೆ ಕೇಳಿಸ್ತಾ?"

"ಇಲ್ಲ ಸಾರ್" ಅಂದೆ.

ಎರಡೇ ಮಾತು. ಬಾಯಿ ನನ್ನದೇ, ಬೇರೆ ಯಾರೂ ಹೇಳಿಸಲಿಲ್ಲ. ಅವರು ಏನೋ ಬರೆದುಕೊಂಡರು. ಆಮೇಲೆ ತಿರುಗಿ ನೋಡಿದರೆ ಗೋಲಿನ ನೆಟ್ ಹಿಂದೆ, ನೀರಿನ ಬಾಟಲ್ ಹಿಡಿದುಕೊಂಡು, ನಮ್ಮ ಸಾರ್ ನಿಂತಿದ್ದರು. ಗೋಲಿಗೂ ಅವರಿಗೂ ಹತ್ತು ಹೆಜ್ಜೆ ಇರಲಿಲ್ಲ.

ಅಲ್ಲೇ ಹೆಸರು ಓದಿದರು. ನಾನಿದ್ದೆ, ಸೆಲ್ವಿ ಇರಲಿಲ್ಲ. ಸಂಜೆ ಭದ್ರಾವತಿ ಬಸ್ಸಿನ ಕೊನೇ ಸೀಟಿನಲ್ಲಿ ಕೂತೇ ತಪ್ಪಿನ ರೌಂಡು ನಡೆಯಿತು. ಸಾರ್ ಶುರು ಮಾಡಿದರು. "ಇವತ್ತು ನಂದು. ಗಂಟಲು ಸರಿ ಇಲ್ಲ ಅಂತ ಗೊತ್ತಿದ್ದೂ ಸೆಲ್ವಿನ ಆಡ್ಸಿದೆ."

ಸೆಲ್ವಿ ಕಿಟಕಿ ಕಡೆ ನೋಡ್ತಾ ಹೇಳಿದಳು. "ನಂದು ಸಾರ್... ಇನ್ನೂ ಜೋರಾಗಿ ಕೂಗ್ಬೇಕಿತ್ತು."

ನನ್ನ ಸರದಿ ಬಂತು. "ನಂದು, ಜಂಪ್ ಮಾಡಿದ್ದು ಲೇಟಾಯ್ತು."

ಸಾರ್ ನನ್ನನ್ನೇ ನೋಡಿದರು. "ಅಷ್ಟೇನಾ?"

"ಅಷ್ಟೇ ಸಾರ್."

"ಸರಿ" ಅಂದರು.

ಮಾರನೇ ದಿನ ಸೆಲ್ವಿ ಮೈದಾನಕ್ಕೆ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಸುದ್ದಿ ಫರ್ಜಾನಾ ತಂದಳು: ಅವರಪ್ಪ ಆಟ ಬಿಡಿಸಿದ್ದಾರೆ, ಟೈಲರಿಂಗ್ ಕ್ಲಾಸಿಗೆ ಹಾಕಿದ್ದಾರೆ. "ಬಾಯಿಬಿಟ್ಟು ಕೂಗೋಕೂ ಬರ್ದಿದ್ಮೇಲೆ ಯಾಕಮ್ಮ ನಿಂಗೆ ಈ ಆಟ" ಅಂದರಂತೆ. ಸೆಲ್ವಿ ಎದುರು ಮಾತಾಡಲಿಲ್ಲವಂತೆ. ನಾಲ್ಕು ಜನರ ಮುಂದೆ ನಿನ್ನ ಮಾತು ಸುಳ್ಳು ಅನ್ನಿಸಿಕೊಂಡವಳು ಏನಂತ ಮಾತಾಡುತ್ತಾಳೆ? ಸುಳ್ಳು ಅನ್ನಿಸಿದವಳು ನಾನು, ನನ್ನ ಕೈಯಲ್ಲಿ ಜಿಲ್ಲಾ ತಂಡದ ಲೆಟರು. ಅಮ್ಮ ಬೀದಿಯವರಿಗೆಲ್ಲ ಸಕ್ಕರೆ ಹಂಚಿದ್ದರು.

ಸಾರ್ ಏನೂ ಕೇಳಲಿಲ್ಲ. "ಗೋಲಲ್ಲಿ ಯಾರೂ ಇಲ್ಲ. ರೇಖಾ, ನೀನು ನಿಲ್ಲು" ಅಂದರು, ಅಷ್ಟೇ.

ನಿಂತೆ. ಒಂದು ದಿನ, ಎರಡು ದಿನ, ಐದು ದಿನ. ಗೋಲಿನಲ್ಲಿ ನಿಂತರೆ ಕಾಣುವುದು ಬರೀ ನಮ್ಮವರ ಬೆನ್ನು. ಯಾರ ಮುಖವೂ ಕಾಣಲ್ಲ. ನಮ್ಮ ಕೈಲಿ ಇರುವುದು ಒಂದು ಗಂಟಲು, ಅದನ್ನು ಅವರು ನಂಬಬೇಕು. ಐದನೇ ದಿನ ಎತ್ತರದ ಬಾಲ್ ಬಂತು. "ಫರ್ಜಾನಾ, ಬಿಡು!" ಅಂತ ಕಿರುಚಿಕೊಂಡೇ ಮುಂದೆ ಬಂದೆ. ಅವಳು ಬಿಡಲಿಲ್ಲ. ಡಿಕ್ಕಿ ಹೊಡೆದು ಬಿದ್ದೆ, ಮೊಣಕೈ ಚರ್ಮ ಕಿತ್ತುಹೋಯ್ತು.

"ಕೂಗಿದ್ನಲ್ಲೇ!" ಅಂದೆ.

"ಅಯ್ಯೋ, ಕೇಳಿಸ್ಲೇ ಇಲ್ಲ ಕಣೆ" ಅಂದಳು. ಪಾಪ, ಅವಳಿಗೆ ನಿಜವಾಗಿ ಕೇಳಿಸಿರಲಿಲ್ಲ.

ನಾನು ಎದ್ದು ಗ್ಲೌಸ್ ಬಿಚ್ಚಿ ಎಸೆದು ಸೀದಾ ಸಾರ್ ಹತ್ತಿರ ಹೋದೆ. ಅವರು ಮೈದಾನದ ಅಂಚಿನಲ್ಲಿ ಕೂತು ಬಾಲಿಗೆ ಗಾಳಿ ಹಾಕುತ್ತಿದ್ದರು.

"ಸಾರ್, ಅವತ್ತು ಸೆಲ್ವಿ ಕೂಗಿದ್ಳು. ನಂಗೆ ಕೇಳಿಸಿತ್ತು."

ಪಂಪು ನಿಲ್ಲಲಿಲ್ಲ. "ಗೊತ್ತು."

"ಗೊತ್ತಿದ್ರೆ ಯಾಕೆ ಹೇಳ್ಲಿಲ್ಲ?"

"ಇನ್ನೊಬ್ಬರ ತಪ್ಪು ಹೇಳಂಗಿಲ್ಲ ಅಲ್ವಾ ನಮ್ಮಲ್ಲಿ? ನೀನೇ ಬರ್ಲಿ ಅಂತ ಕಾಯ್ತಿದ್ದೆ."

ನನ್ನ ತಪ್ಪು ನಾನು ಒಪ್ಪಿಕೊಳ್ಳೋಕೆ ಬಂದವಳು, ಸರಿ. ಆದರೆ ಆ ಮಾತು ಕೇಳಿದ್ದೇ ಮೈಯೆಲ್ಲ ಉರಿಯಿತು. ನನ್ನ ಸಿಟ್ಟು ಆಗಲೂ ಮೂಗಿನ ತುದಿಯಲ್ಲೇ. "ನಿಮ್ಮ ರೂಲಿಗೆ ಬೆಂಕಿ ಹಾಕ! ನಾನು ಬರ್ಲಿ ಅಂತ ಕಾದ್ರಾ? ನೀವು ಕಾಯೋ ಅಷ್ಟು ದಿನ ಸೆಲ್ವಿ ಅಲ್ಲಿ ಗುಂಡಿ ಹೊಲೀತಾ ಕೂತಿದಾಳೆ. ನಿಮಗೂ ಕೇಳಿಸಿತ್ತು. ಅವತ್ತೇ ಒಂದು ಮಾತು ಹೇಳಿದ್ರೆ ನನ್ನ ಮಾನ ಹೋಗ್ತಿತ್ತು, ಅವಳ ಆಟ ಉಳೀತಿತ್ತು!"

ಕೋಚ್ ಸಾರ್‌ಗೆ ಹೀಗೆ ಮಾತಾಡಿದವರು ಅಲ್ಲಿವರೆಗೆ ಯಾರೂ ಇರಲಿಲ್ಲ. ಸಾರ್ ಪಂಪು ಕೆಳಗಿಟ್ಟರು.

"ಹೌದು ಕಣಮ್ಮ" ಅಂದರು. "ನಿನ್ನ ತಿದ್ದೋ ಭರದಲ್ಲಿ ಅವಳನ್ನ ಬಿಟ್ಟೆ. ಇದು ನಂದೇ ತಪ್ಪು. ನಡಿ, ಈಗ್ಲೇ ಹೋಗೋಣ."

ಅವರ ಮೊಪೆಡ್ಡಿನ ಹಿಂದೆ ಕೂತು ಓಲ್ಡ್ ಟೌನಿಗೆ ಹೋದೆ. ಸೆಲ್ವಿ ಅಪ್ಪ ಒಂದು ಬೈಕಿನ ಚೈನು ಬಿಚ್ಚುತ್ತಿದ್ದರು. ದಾರಿಯುದ್ದಕ್ಕೂ ನನಗೆ ಬದಲಾಗಿ ಸಾರೇ ಹೇಳುತ್ತಾರೇನೋ ಅನ್ನೋ ಒಂದು ದರಿದ್ರ ಆಸೆ ಇತ್ತು. ಅವರು ಮೊಪೆಡ್ ಸ್ಟ್ಯಾಂಡ್ ಹಾಕಿ ನನ್ನ ಪಕ್ಕ ಬಂದು ನಿಂತರು, ಬಾಯಿ ಬಿಡಲಿಲ್ಲ. ನಾನೇ ಹೇಳಿದೆ.

"ಅಂಕಲ್, ಸೆಲ್ವಿ ಕೂಗಿದ್ಳು. ನಂಗೆ ಕೇಳಿಸಿತ್ತು. ಕೇಳಿಸ್ಲಿಲ್ಲ ಅಂತ ಸುಳ್ಳು ಹೇಳ್ದೆ."

ಅವರು ನನ್ನನ್ನು ನೋಡಲಿಲ್ಲ. ಸಾರ್ ಕಡೆ ನೋಡಿದರು. "ಈಗ ಹೇಳಿದ್ರೆ ನನ್ನ ಮಗಳನ್ನ ತಗೊಳ್ತಾರಾ?"

"ಇಲ್ಲ ಅಣ್ಣಾ. ನಾಳೆ ಹೋಗಿ ಕೇಳ್ತೀವಿ. ಆದ್ರೆ ಲಿಸ್ಟ್ ಹೋಗಿದೆ, ಸಿಗಲ್ಲ."

"ಮತ್ತೆ ಯಾಕೆ ಬಂದ್ರಿ?"

"ನಿಮ್ಮ ಮಗಳು ಕೂಗಿದ್ಳು ಅಂತ ಹೇಳೋಕೆ" ಅಂದರು ಸಾರ್. "ಆಡೋಕೆ ಕಳ್ಸಿ."

ಅಷ್ಟರಲ್ಲಿ ಸೆಲ್ವಿ ಒಳಗಿಂದ ಬಂದಳು. ಕೊರಳಲ್ಲಿ ಅಳತೆ ಟೇಪು. ಎಲ್ಲ ಕೇಳಿಸಿಕೊಂಡಿದ್ದಳು ಅಂತ ಕಾಣುತ್ತೆ. ನನ್ನ ಮುಂದೆ ಬಂದು ನಿಂತಳು.

"ಕೇಳಿಸಿತ್ತಾ?"

"ಕೇಳಿಸಿತ್ತು ಕಣೆ."

"ಒಂದು ವಾರದಿಂದ ನಾನು ಕೂಗೇ ಇಲ್ವೇನೋ, ಕೂಗಿದೆ ಅಂದ್ಕೊಂಡ್ನೇನೋ ಅಂತ ನಂಗೇ ಅನುಮಾನ ಬಂದಿತ್ತು ಮಾರಾಯ್ತಿ" ಅಂದಳು. ಹೇಳುತ್ತಾ ಹೇಳುತ್ತಾ ನನ್ನ ರಟ್ಟೆಗೆ ಒಂದು ಗುದ್ದಿದಳು. ಕೀಪರ್ ಕೈ ಅದು, ವಾರ ನೋಯಿತು. ಸರಿಯಾಗೇ ಕೊಟ್ಟಳು, ಅದಕ್ಕಿಂತ ಜಾಸ್ತಿ ಕೊಡಬೇಕಿತ್ತು.

ಸೋಮವಾರ ಸೆಲ್ವಿ ಮೈದಾನಕ್ಕೆ ಬಂದಳು. ಎರಡು ತಿಂಗಳು ಆಟದ ಹೊರಗೆ ನನ್ನ ಹತ್ತಿರ ಮಾತಾಡಲಿಲ್ಲ. ಆಟದೊಳಗೆ ಮಾತ್ರ "ರೇಖಾ, ಬಿಡು!" ಅಂತ ಮೊದಲಿನ ಹಾಗೇ ಕೂಗುತ್ತಿದ್ದಳು, ನಾನು ಮೊದಲಿಗಿಂತ ಬೇಗ ಬಿಡುತ್ತಿದ್ದೆ. ಶಿವಮೊಗ್ಗಕ್ಕೆ ಹೋಗಿ ಸೆಲೆಕ್ಟರ್ ಎದುರು ಹೇಳಿದ್ದಾಯ್ತು. ಅವರು ಬೈದರು, ಲಿಸ್ಟ್ ಬದಲಾಗಲ್ಲ ಅಂದರು. ನಾನು ಹೋಗಲ್ಲ ಅಂತ ಹಠ ಮಾಡಿದೆ. "ನೀನು ಬಿಟ್ರೆ ಅದು ಇನ್ನೊಬ್ಬ ಸ್ಟಾಪರ್‌ಗೆ ಹೋಗುತ್ತೆ, ಸೆಲ್ವಿಗಲ್ಲ. ನಾಟಕ ಬೇಡ, ಹೋಗಿ ಆಡು" ಅಂತ ಸಾರ್ ಗದರಿಸಿ ಕಳಿಸಿದರು. ಮುಂದಿನ ವರ್ಷ ಸೆಲ್ವಿ ಆಯ್ಕೆಯಾದಳು. ಈಗ ಪೊಲೀಸ್ ಕೆಲಸದಲ್ಲಿದ್ದಾಳೆ, ಅವರ ತಂಡಕ್ಕೂ ಅವಳೇ ಗೋಲ್‌ಕೀಪರ್. ಬೀಳ್ಕೊಡುಗೆಯಲ್ಲಿ ನನ್ನನ್ನು ಮೈಕಿನ ಕಡೆ ತಳ್ಳಿದವರಲ್ಲಿ ಅವಳ ಕೈಯೇ ಜೋರಾಗಿತ್ತು.

ಆದರೆ ನಾನು ಹೇಳಬೇಕಾದದ್ದು ಇನ್ನೂ ಇದೆ. ಗ್ಯಾರೇಜಿನಿಂದ ವಾಪಸ್ ಬರುವಾಗ ಭದ್ರಾ ಸೇತುವೆ ದಾಟಿದ ಮೇಲೆ ಸಾರ್ ಮೊಪೆಡ್ ನಿಲ್ಲಿಸಿದರು. ಪೆಟ್ರೋಲ್ ಖಾಲಿ ಆಯ್ತೇನೋ ಅಂದುಕೊಂಡೆ.

"ಒಂದು ಹೇಳ್ಬೇಕು" ಅಂದರು. ನನ್ನ ಕಡೆ ನೋಡಲಿಲ್ಲ, ಹ್ಯಾಂಡಲ್ ನೋಡುತ್ತಿದ್ದರು. "ಕೋಲ್ಕತ್ತದಲ್ಲಿ ಒಂದು ದೊಡ್ಡ ಮ್ಯಾಚು. ಗೋಲ್ ಲೈನ್ ಮೇಲೆ ನಾನೂ ನನ್ನ ಜೊತೆ ಸ್ಟಾಪರ್ರೂ ಒಟ್ಟಿಗೆ ಹಾರಿದ್ವಿ. ಬಾಲ್ ಕೈಗೆ ತಗುಲ್ತು. ನನ್ನ ಕೈಗೆ. ರೆಫ್ರಿ ಅವನ ಕೈ ಅಂದ್ಕೊಂಡು ಅವನಿಗೆ ರೆಡ್ ಕಾರ್ಡ್ ಕೊಟ್ಟು ಹೊರಗೆ ಹಾಕ್ದ. ಅವನು ನನ್ನ ನೋಡ್ದ. ನಾನು ಬೂಟಿನ ಲೇಸ್ ಕಟ್ಕೊಳ್ತಾ ಕೂತೆ. ಸೀಸನ್ ಮುಗಿದ್ಮೇಲೆ ಕ್ಲಬ್ಬಿನವರು ಅವನನ್ನ ಬಿಟ್ಟುಬಿಟ್ರು. ಕೋಯಿಕ್ಕೋಡಿನವನು, ಊರಿಗೆ ಹೋದ. ಇಪ್ಪತ್ತೆರಡು ವರ್ಷ ಆಯ್ತು." ಹೆಬ್ಬೆರಳಿನಿಂದ ಹ್ಯಾಂಡಲ್ ಒರೆಸುತ್ತಾ ಮುಂದುವರಿಸಿದರು. "ನಿಮ್ಮೆಲ್ಲರ ಮುಂದೆ ದಿನಾ ಮೊದಲು ನಂದು, ನಂದು ಅಂತೀನಲ್ಲ. ಸಣ್ಣ ಸಣ್ಣದೆಲ್ಲ ಹೇಳಿದೀನಿ. ಇದೊಂದು ಹೇಳಿಲ್ಲ."

"ಅವರ ಮನೆ ಗೊತ್ತಾ ಸಾರ್?" ಅಂತ ಕೇಳಿಬಿಟ್ಟೆ.

ಅವರು ಮೊಪೆಡ್ ಸ್ಟಾರ್ಟ್ ಮಾಡಿದರು.

ಆ ತಿಂಗಳಲ್ಲೇ ಸಾರ್ ನಾಲ್ಕು ದಿನ ಮೈದಾನಕ್ಕೆ ಬರಲಿಲ್ಲ. ಮಳೆ ಬರಲಿ, ಜ್ವರ ಬರಲಿ ತಪ್ಪಿಸದವರು. ಐದನೇ ದಿನ ಸಂಜೆ ಎಂದಿನ ಹಾಗೆ ಕುಂಟುತ್ತಾ ಬಂದರು. ಎಲ್ಲರನ್ನೂ ಓಡೋಕೆ ಕಳಿಸಿ ನನ್ನನ್ನು ಕೈ ಸನ್ನೆ ಮಾಡಿ ಕರೆದರು.

"ಹೋಗಿದ್ರಾ ಸಾರ್?"

"ಹೋಗಿದ್ದೆ."

"ಏನಂದ್ರು?"

"ಬೈದ. ಬಾಗಿಲಲ್ಲೇ ನಿಲ್ಲಿಸಿ ಅರ್ಧ ಗಂಟೆ ಬೈದ. ಪಕ್ಕದ ಮನೆಯವ್ರೆಲ್ಲ ಆಚೆ ಬಂದು ನೋಡಿದ್ರು." ಸಾರ್ ಮುಖದಲ್ಲಿ ನಾನು ಎಂದೂ ಕಾಣದ ಒಂದು ನಗು ಇತ್ತು, ಕಣ್ಣು ಮಾತ್ರ ಒದ್ದೆ. "ಆಮೇಲೆ ಅವನ ಹೆಂಡ್ತಿ ಬಂದು, ಬೈದಿದ್ದು ಸಾಕು ಅಂತ ಒಳಗೆ ಕರೆದ್ರು. ಮೀನು ಹುರಿದು ಊಟ ಹಾಕಿದ್ರು. ಅವನೇ ಎದುರಿಗೆ ಕೂತು ಬಡಿಸಿದ."

ಹುಡುಗಿಯರು ಒಂದು ಸುತ್ತು ಮುಗಿಸಿ ನಮ್ಮ ಪಕ್ಕದಿಂದ ಹಾದುಹೋದರು. ಅವರು ದೂರ ಹೋಗುವವರೆಗೂ ಸಾರ್ ಕಾದರು.

"ನೀನು ಅವತ್ತು ಆ ಗ್ಯಾರೇಜಲ್ಲಿ ನಿಂತು ಹೇಳ್ದೇ ಇದ್ದಿದ್ರೆ ನಾನು ಸಾಯೋವರ್ಗೂ ಹೋಗ್ತಿರ್ಲಿಲ್ಲ ಕಣಮ್ಮ. ಥ್ಯಾಂಕ್ಸ್."

ಹದಿನಾರು ವರ್ಷದ ಹುಡುಗಿಗೆ, ಅದೂ ಸುಳ್ಳು ಹೇಳಿ ಸಿಕ್ಕಿಬಿದ್ದವಳಿಗೆ, ಅಂಥ ಮನುಷ್ಯ ಥ್ಯಾಂಕ್ಸ್ ಹೇಳಿದರೆ ಏನು ಮಾಡಬೇಕು ಅಂತ ಯಾರೂ ಕಲಿಸಿರಲಿಲ್ಲ. "ಸರಿ ಸಾರ್" ಅಂದು ಓಡುವವರ ಜೊತೆ ಸೇರಿಕೊಂಡೆ. ಆ ಮಾತು ತಿರುಗಿ ಹೇಳಬೇಕಾದವಳು ನಾನು ಅನ್ನುವುದು ಎರಡನೇ ಸುತ್ತಿನಲ್ಲಿ ಹೊಳೆಯಿತು, ಅಷ್ಟು ಹೊತ್ತಿಗೆ ಅವರು ವಿಷಲ್ ಊದಿಬಿಟ್ಟರು. ಸಾರ್, ಥ್ಯಾಂಕ್ಸ್. ಹತ್ತು ವರ್ಷ ತಡವಾಯ್ತು, ಬೈಯುವುದಿದ್ದರೆ ಬೈಯಿರಿ.